ಕಸಿ ಕಳ್ಳಿಯ ಆರೈಕೆ: ಮುಪ್ಪಿನ ಗುರುತು ಯಾವುದು, ರೋಗದ ಗುರುತು ಯಾವುದು?

ಕಳ್ಳಿ ಎಂದೊಡನೆ ನಮ್ಮ ರೈತರ ಕಣ್ಣ ಮುಂದೆ ನಿಲ್ಲುವುದು ಹೊಲದ ಬದುವಿನ ಬೇಲಿ. ಆದರೆ ಈಚಿನ ವರ್ಷಗಳಲ್ಲಿ ಕಳ್ಳಿಯ ಕುಟುಂಬಕ್ಕೆ ಸೇರಿದ ಎರಡು ಗಿಡಗಳು ಹಣ ತರುವ ಗಿಡಗಳಾಗಿವೆ. ಒಂದು, ಸಿಮೆಂಟ್ ಕಂಬಕ್ಕೆ ಹಬ್ಬಿಸಿ ಬೆಳೆಯುವ ಡ್ರ್ಯಾಗನ್ ಹಣ್ಣು. ಇನ್ನೊಂದು, ಹಸಿರು ಕಾಂಡದ ತುದಿಗೆ ಕೆಂಪು, ಹಳದಿ ಅಥವಾ ಕಿತ್ತಳೆ ಬಣ್ಣದ ಉಂಡೆಯನ್ನು ಕೂಡಿಸಿ ನರ್ಸರಿಗಳಲ್ಲಿ ಮಾರುವ ಕಸಿ ಕಳ್ಳಿ. ನೋಡಲು ಬೇರೆ ಬೇರೆ ಎನಿಸಿದರೂ ಇವೆರಡೂ ಒಂದೇ ಮನೆಯವು. ಬಣ್ಣದ ಉಂಡೆಯ ಕೆಳಗಿರುವ ಮೂರು ಏಣಿನ ಹಸಿರು ಕಾಂಡ ಬಹುಮಟ್ಟಿಗೆ ಡ್ರ್ಯಾಗನ್ ಹಣ್ಣಿನ ಬಳ್ಳಿಯ ತುಂಡೇ ಆಗಿರುತ್ತದೆ. ಡ್ರ್ಯಾಗನ್ ತೋಟದಲ್ಲಿ ಸವರಿ ಬಿಸಾಡುವ ಕಾಂಡವೇ ಕಸಿ ಕಳ್ಳಿ ಮಾಡುವವನಿಗೆ ಬಂಡವಾಳ.

ಈ ಎರಡು ಗಿಡಗಳನ್ನು ಬೆಳೆಯುವವರಿಗೆ ಆಗುವ ನಷ್ಟದ ಕಾರಣವೂ ಬಹಳ ಸಲ ಒಂದೇ. ಕಾಂಡದ ಬುಡ ಕಂದು ಬಣ್ಣಕ್ಕೆ ತಿರುಗಿದೊಡನೆ ರೋಗವೆಂದು ಬಗೆದು ಔಷಧ ಸುರಿಯುವವರು ಕೆಲವರು, ಗಿಡವನ್ನೇ ಕಿತ್ತೆಸೆಯುವವರು ಕೆಲವರು. ಇದಕ್ಕೆ ವಿರುದ್ಧವಾಗಿ, ನಿಜವಾದ ಕೊಳೆ ಹತ್ತಿದಾಗ ಅದನ್ನು ಮುಪ್ಪೆಂದು ಕೈಬಿಟ್ಟು ಸಾಲಿಗೆ ಸಾಲನ್ನೇ ಕಳೆದುಕೊಳ್ಳುವವರೂ ಉಂಟು. ಗಿಡ ಸಹಜವಾಗಿ ಮುಪ್ಪಾಗುವ ರೀತಿಯನ್ನು ತಿಳಿದವನು ಈ ಎರಡು ನಷ್ಟಗಳಿಂದಲೂ ಪಾರಾಗುತ್ತಾನೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಮಣ್ಣು, ಮಳೆ, ಬಿಸಿಲನ್ನು ಗಮನದಲ್ಲಿಟ್ಟು ಕಸಿ ಕಳ್ಳಿಯ ಆರೈಕೆಯನ್ನೂ, ಮುಪ್ಪು ಮತ್ತು ರೋಗಗಳ ವ್ಯತ್ಯಾಸವನ್ನೂ ಇಲ್ಲಿ ವಿವರಿಸಲಾಗಿದೆ.

ಕಸಿ ಕಳ್ಳಿ ಎಂದರೇನು?

ಮಾವಿನ ಕಸಿ ನಮ್ಮ ರೈತರಿಗೆ ಹೊಸದಲ್ಲ. ನಾಟಿ ಮಾವಿನ ಸಸಿಗೆ ಆಪೂಸ್ ಕುಡಿಯನ್ನು ಕೂಡಿಸುವಂತೆಯೇ ಇಲ್ಲಿಯೂ ಒಂದು ಕಳ್ಳಿಯ ಮೇಲೆ ಇನ್ನೊಂದನ್ನು ಕೂಡಿಸುತ್ತಾರೆ. ಕೆಳಗಿನ ಗಿಡಕ್ಕೆ ಬೇರುಸಸಿ ಎಂದೂ, ಮೇಲೆ ಕೂಡಿಸುವ ತುಂಡಿಗೆ ಕಸಿಕುಡಿ ಎಂದೂ, ಎರಡೂ ಸೇರುವ ಜಾಗಕ್ಕೆ ಕಸಿಗಂಟು ಎಂದೂ ಹೇಳೋಣ.

ಮಾರುಕಟ್ಟೆಯಲ್ಲಿ ಹೆಚ್ಚಾಗಿ ಕಾಣುವ ಕೆಂಪು ಉಂಡೆ ಜಿಮ್ನೊಕ್ಯಾಲಿಸಿಯಂ ಮಿಹಾನೊವಿಚೈ ಎಂಬ ಕಳ್ಳಿಯ ಬಣ್ಣಗೆಟ್ಟ ತಳಿ. ಇದರ ಮೂಲ ದಕ್ಷಿಣ ಅಮೆರಿಕದ ಪರಾಗ್ವೆ ಪ್ರದೇಶ. 1941ರಲ್ಲಿ ಜಪಾನಿನ ನರ್ಸರಿಕಾರ ಎಜಿ ವಟನಾಬೆ ಅವರ ಸಸಿಮಡಿಯಲ್ಲಿ ಹಸಿರೇ ಇಲ್ಲದ ಕೆಂಪು ಸಸಿಗಳು ಹುಟ್ಟಿದವು. ಅವನ್ನು ಹಸಿರು ಕಳ್ಳಿಯ ಮೇಲೆ ಕಸಿ ಮಾಡಿ ಉಳಿಸಿಕೊಂಡದ್ದರಿಂದ ಈ ತಳಿ ಜಗತ್ತಿಗೆಲ್ಲ ಹರಡಿತು. ಮುಂದೆ ದಕ್ಷಿಣ ಕೊರಿಯ ದೇಶದ ರೈತರು ಇದನ್ನು ದೊಡ್ಡ ಪ್ರಮಾಣದಲ್ಲಿ ಬೆಳೆದು ರಫ್ತು ಮಾಡತೊಡಗಿದರು.

ಕೆಂಪು ಉಂಡೆಯಲ್ಲಿ ಪತ್ರಹರಿತ್ತು ಇಲ್ಲ. ಆದ್ದರಿಂದ ಅದು ತನ್ನ ಅನ್ನವನ್ನು ತಾನು ತಯಾರಿಸಿಕೊಳ್ಳಲಾರದು. ಅದನ್ನು ಕಿತ್ತು ಮಣ್ಣಿನಲ್ಲಿ ನೆಟ್ಟರೆ ಬದುಕುವುದಿಲ್ಲ. ಕೆಳಗಿನ ಹಸಿರು ಕಾಂಡವೇ ದುಡಿದು ಮೇಲಿನದನ್ನು ಸಾಕಬೇಕು. ಒಬ್ಬ ದುಡಿದು ಇಬ್ಬರು ಉಣ್ಣುವ ಸಂಸಾರವಿದು. ಕಸಿ ಕಳ್ಳಿಗೆ ಬೇಗ ಮುಪ್ಪು ಬರುವುದಕ್ಕೆ ಇದೇ ಮುಖ್ಯ ಕಾರಣವೆಂಬುದನ್ನು ರೈತರು ಮೊದಲೇ ಮನಗಾಣಬೇಕು. ಡ್ರ್ಯಾಗನ್ ಕಾಂಡದ ಮೇಲೆ ಕಸಿ ಮಾಡಿದ ಬಣ್ಣದ ಕಳ್ಳಿ ಸಾಮಾನ್ಯವಾಗಿ 3ರಿಂದ 5 ವರ್ಷ ಚೆನ್ನಾಗಿ ಬಾಳುತ್ತದೆ. ಒಳ್ಳೆಯ ಆರೈಕೆಯಿಂದ ಇನ್ನೂ ಕೆಲವು ವರ್ಷ ನಿಲ್ಲಬಹುದು. ಕಂಬದಂತೆ ನೆಟ್ಟಗೆ ಬೆಳೆಯುವ ಸೀರಿಯಸ್ ಜಾತಿಯ ಕಳ್ಳಿಯನ್ನು ಬೇರುಸಸಿಯಾಗಿ ಬಳಸಿದರೆ ಆಯುಸ್ಸು ಹೆಚ್ಚು, ಆದರೆ ಬೆಳವಣಿಗೆ ನಿಧಾನ.

ಬೇಲಿಯ ಕಳ್ಳಿ ಕಸಿಗೆ ಬರುವುದೇ?

ಈ ಪ್ರಶ್ನೆಯನ್ನು ಅನೇಕರು ಕೇಳುತ್ತಾರೆ. ನಮ್ಮ ಬದುಗಳಲ್ಲಿರುವ ಚದುರಗಳ್ಳಿ, ಎಲೆಗಳ್ಳಿ, ಬೊಂತೆಗಳ್ಳಿಗಳು ಹೆಸರಿಗೆ ಕಳ್ಳಿಯಾದರೂ ಬೇರೊಂದು ಕುಟುಂಬದವು. ಮುರಿದರೆ ಬಿಳಿ ಹಾಲು ಸುರಿಯುವುದೇ ಅವುಗಳ ಗುರುತು. ಆ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಇವುಗಳ ಮೇಲೆ ಬಣ್ಣದ ಕಳ್ಳಿ ಎಂದಿಗೂ ಕೂಡುವುದಿಲ್ಲ. ನಿಜವಾದ ಕಳ್ಳಿಯಲ್ಲಿ ಹಾಲಿನ ಬದಲು ಲೋಳೆಯಂಥ ನೀರು ಬರುವುದೇ ಹೆಚ್ಚು, ಮತ್ತು ಮುಳ್ಳುಗಳು ಚಿಕ್ಕ ಮೆತ್ತೆಯಂಥ ಚುಕ್ಕೆಯಿಂದ ಗುಂಪಾಗಿ ಹುಟ್ಟುತ್ತವೆ. ಪಾಪಾಸುಕಳ್ಳಿ ನಿಜವಾದ ಕಳ್ಳಿಯೇ. ಅದರ ಮೇಲೆ ಕೆಲವು ಜಾತಿಗಳು ಕೂಡುತ್ತವೆ. ಆದರೆ ಅದರ ನವಿರು ಮುಳ್ಳಿನ ಕಾಟದಿಂದ ಕೆಲಸ ತ್ರಾಸಿನದು. ಆದ್ದರಿಂದ ನಮ್ಮ ಭಾಗಕ್ಕೆ ಡ್ರ್ಯಾಗನ್ ಹಣ್ಣಿನ ಕಾಂಡವೇ ಸುಲಭವಾಗಿ ಸಿಗುವ, ಬೇಗ ಬೇರು ಬಿಡುವ ಬೇರುಸಸಿ.

ಕಸಿ ಮಾಡುವ ಕ್ರಮ

ಕಾಲ: ಮಹಾಶಿವರಾತ್ರಿಯಿಂದ ಬಸವ ಜಯಂತಿಯವರೆಗಿನ ಕಾಲ ಉತ್ತಮ. ಆಗ ಹವೆ ಬೆಚ್ಚಗಿದ್ದು ಒಣಗಿರುತ್ತದೆ, ಕಸಿಗಂಟು ಬೇಗ ಕೂಡುತ್ತದೆ. ಮಳೆಗಾಲ ಕಳೆದ ಮೇಲೆ ಅಕ್ಟೋಬರದಲ್ಲಿ ಒಣ ಹವೆ ಇದ್ದಾಗ ಇನ್ನೊಮ್ಮೆ ಮಾಡಬಹುದು. ಆರಿದ್ರಾ ಮಳೆಯಿಂದ ಮಘಾ ಮಳೆಯವರೆಗೆ ಕಸಿ ಮಾಡಬಾರದು. ಗಾಳಿಯ ತೇವದಿಂದ ಕೊಯ್ದ ಜಾಗ ಕೊಳೆಯುತ್ತದೆ. ಡಿಸೆಂಬರ್ ಮತ್ತು ಜನವರಿಯ ಚಳಿಯಲ್ಲಿ ಗಿಡ ಮಂದವಾಗಿರುವುದರಿಂದ ಕಸಿ ಕೂಡುವುದು ತಡ.

ಬೇರುಸಸಿಯ ತಯಾರಿ: ರೋಗವಿಲ್ಲದ, ಹಸಿರಾಗಿ ತುಂಬಿಕೊಂಡ ಡ್ರ್ಯಾಗನ್ ಕಾಂಡವನ್ನು ಆರಿಸಬೇಕು. ತೀರ ಎಳೆಯದೂ ಬೇಡ, ನಡುವಿನ ದಿಂಡು ಕಟ್ಟಿಗೆಯಂತಾದ ಹಳೆಯದೂ ಬೇಡ. 15ರಿಂದ 20 ಸೆಂ.ಮೀ. ಉದ್ದದ ತುಂಡುಗಳನ್ನು ಮಾಡಿ, ಕೊಯ್ದ ಬಾಯಿ ಒಣಗುವಂತೆ 5ರಿಂದ 7 ದಿನ ನೆರಳಿನಲ್ಲಿಡಬೇಕು. ಬೆಳೆಯುತ್ತಿದ್ದಾಗ ಕೆಳಗಿದ್ದ ತುದಿಯೇ ಕೆಳಗೆ ಬರುವಂತೆ ಉಸುಕು ಬೆರೆತ ಮಣ್ಣಿನಲ್ಲಿ ಊರಬೇಕು. 3ರಿಂದ 4 ವಾರಗಳಲ್ಲಿ ಬೇರು ಬಿಡುತ್ತದೆ. ಬೇರು ಗಟ್ಟಿಯಾಗಿ ಹಿಡಿದ ಮೇಲೆಯೇ ಕಸಿಗೆ ಬಳಸಬೇಕು. ಕಸಿಗೆ ಎರಡು ಮೂರು ದಿನ ಮೊದಲು ನೀರು ಕೊಟ್ಟರೆ ಕಾಂಡ ರಸದಿಂದ ತುಂಬಿಕೊಂಡಿರುತ್ತದೆ.

ಕೊಯ್ಯುವುದು: ತೆಳ್ಳನೆಯ ಹರಿತವಾದ ಚಾಕು ಇಲ್ಲವೆ ಹೊಸ ಬ್ಲೇಡು ಬೇಕು. ಪ್ರತಿ ಗಿಡಕ್ಕೂ ಮೊದಲು ಅದನ್ನು ಸ್ಪಿರಿಟ್ಟಿನಿಂದ ಒರೆಸಬೇಕು. ಬೇರುಸಸಿಯನ್ನು ಮಣ್ಣಿನಿಂದ ಸುಮಾರು 10 ಸೆಂ.ಮೀ. ಎತ್ತರದಲ್ಲಿ ಒಂದೇ ಏಟಿಗೆ ಮಟ್ಟಸವಾಗಿ ಕೊಯ್ಯಬೇಕು. ಮೂರು ಏಣುಗಳ ಅಂಚನ್ನು ಸ್ವಲ್ಪ ಓರೆಯಾಗಿ ಕೆತ್ತಬೇಕು. ಹೀಗೆ ಕೆತ್ತದಿದ್ದರೆ ಒಣಗುವಾಗ ನಡುವಿನ ಭಾಗ ತಗ್ಗಾಗಿ ಕುಡಿ ಬಿಟ್ಟುಕೊಳ್ಳುತ್ತದೆ. ಅನಂತರ ಮೇಲಿನಿಂದ ಕಾಗದದಷ್ಟು ತೆಳುವಾದ ಇನ್ನೊಂದು ಪದರು ಕೊಯ್ದು ಅದನ್ನು ಅಲ್ಲಿಯೇ ಬಿಟ್ಟಿರಬೇಕು. ಕುಡಿ ಸಿದ್ಧವಾಗುವವರೆಗೆ ಅದು ಬಾಯಿ ಒಣಗದಂತೆ ಮುಚ್ಚಳವಾಗಿರುತ್ತದೆ.

ಕೂಡಿಸುವುದು: ಒಂದೂವರೆಯಿಂದ ಎರಡು ಸೆಂ.ಮೀ. ಗಾತ್ರದ ಮರಿಯನ್ನು ತೆಗೆದು ಅದರ ಬುಡವನ್ನು ಮಟ್ಟಸವಾಗಿ ಕೊಯ್ಯಬೇಕು. ಕೊಯ್ದ ಮೈಯ ನಡುವೆ ಸಣ್ಣ ಉಂಗುರ ಕಾಣುತ್ತದೆ. ಅದು ರಸನಾಳಗಳ ಉಂಗುರ. ಬೇರುಸಸಿಯಲ್ಲಿಯೂ ಇಂಥದೇ ಉಂಗುರವಿದೆ. ಕಸಿಯ ಗುಟ್ಟೆಲ್ಲ ಇರುವುದು ಈ ಎರಡು ಉಂಗುರಗಳು ಒಂದನ್ನೊಂದು ಮುಟ್ಟುವುದರಲ್ಲಿ. ಉಂಗುರಗಳ ಗಾತ್ರ ಬೇರೆಯಾಗಿದ್ದರೆ ಕುಡಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಎರಡು ಕಡೆಯಾದರೂ ಒಂದರ ಮೇಲೊಂದು ಹಾಯುವಂತೆ ಇಡಬೇಕು. ಮುಚ್ಚಳದ ಪದರು ತೆಗೆದು ಕುಡಿಯನ್ನಿಟ್ಟು, ಗಾಳಿ ಹೊರಹೋಗುವಂತೆ ಮೆಲ್ಲಗೆ ಒತ್ತಿ ತಿರುವಬೇಕು. ಕುಂಡದ ತಳದಿಂದ ಕುಡಿಯ ನೆತ್ತಿಗೆ ಬರುವಂತೆ ಎರಡು ರಬ್ಬರ್ ಬ್ಯಾಂಡುಗಳನ್ನು ಅಡ್ಡಡ್ಡ ಹಾಕಬೇಕು. ಬಿಗಿ ಸಾಧಾರಣವಾಗಿರಲಿ.

ಕೂಡಿಸಿದ ಗಿಡಗಳನ್ನು 8ರಿಂದ 10 ದಿನ ಗಾಳಿಯಾಡುವ ನೆರಳಿನಲ್ಲಿಡಬೇಕು. ಕಸಿಗಂಟಿನ ಮೇಲೆ ಒಂದು ಹನಿ ನೀರೂ ಬೀಳಬಾರದು. ಎರಡು ಮೂರು ವಾರಗಳ ಮೇಲೆ ಬ್ಯಾಂಡು ಬಿಚ್ಚಬಹುದು. ಕುಡಿ ತುಂಬಿಕೊಂಡು ನೆತ್ತಿಯಲ್ಲಿ ಹೊಳಪು ಬಂದರೆ ಕಸಿ ಕೂಡಿದೆಯೆಂದು ತಿಳಿಯಬೇಕು.

ಮಣ್ಣು, ನೀರು, ಬೆಳಕು

ಮಣ್ಣು: ಕುಂಡಕ್ಕೆ ಎರಿ ಮಣ್ಣು ಸಲ್ಲದು. ಬೈಲಹೊಂಗಲ ಭಾಗದ ಆಳವಾದ ಎರಿ ಭೂಮಿ ಹತ್ತಿ, ಕಡಲೆಗಳಿಗೆ ಒಳ್ಳೆಯದಾದರೂ ನೀರನ್ನು ಹಿಡಿದಿಡುವ ಅದರ ಗುಣವೇ ಕಳ್ಳಿಗೆ ವೈರಿ. ಒಂದು ಭಾಗ ಮಸಾರಿ ಮಣ್ಣು, ಎರಡು ಭಾಗ ದಪ್ಪ ಉಸುಕು ಅಥವಾ ಜರಡಿ ಹಿಡಿದ ಗರಸು, ಒಂದು ಭಾಗ ಚೆನ್ನಾಗಿ ಕಳಿತ ಎರೆಗೊಬ್ಬರ ಕೂಡಿಸಬೇಕು. ಕಲ್ಲಿನ ಪುಡಿಯಿಂದ ಮಾಡಿದ ಉಸುಕು ಬಳಸುವುದಾದರೆ ಅದರ ಧೂಳನ್ನು ತೊಳೆದು ತೆಗೆಯಬೇಕು. ಕುಂಡಕ್ಕೆ ತಳದಲ್ಲಿ ತೂತು ಇರಲೇಬೇಕು.

ನೀರು: ಡ್ರ್ಯಾಗನ್ ಬೇರುಸಸಿ ಮರುಭೂಮಿಯ ಕಳ್ಳಿಯಲ್ಲ, ಮೂಲತಃ ಕಾಡಿನಲ್ಲಿ ಮರಕ್ಕೆ ಹಬ್ಬುವ ಬಳ್ಳಿ. ಆದ್ದರಿಂದ ಬೇಸಿಗೆಯಲ್ಲಿ ಪೂರ್ತಿ ಒಣಗಲು ಬಿಡಬಾರದು. ಮೇಲಿನ ಎರಡು ಮೂರು ಸೆಂ.ಮೀ. ಮಣ್ಣು ಒಣಗಿದ ಮೇಲೆ ತಳದಿಂದ ಹರಿದುಹೋಗುವಷ್ಟು ನೀರು ಕೊಟ್ಟು, ಮತ್ತೆ ಒಣಗುವವರೆಗೆ ಕೈಬಿಡಬೇಕು. ಸಾಧಾರಣವಾಗಿ ಬೇಸಿಗೆಯಲ್ಲಿ 4ರಿಂದ 6 ದಿನಕ್ಕೊಮ್ಮೆ, ಚಳಿಗಾಲದಲ್ಲಿ 12ರಿಂದ 15 ದಿನಕ್ಕೊಮ್ಮೆ ಸಾಕು. ದಿನಾಲೂ ಒಂದಿಷ್ಟು ಚಿಮುಕಿಸುವ ಪದ್ಧತಿ ಕೆಟ್ಟದ್ದು. ಕಳ್ಳಿಗಳು ನೀರನ್ನು ಉಳಿಸಲು ಹಗಲು ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿ ಉಸಿರಾಡುತ್ತವೆ, ಅವುಗಳ ಖರ್ಚು ಕಡಿಮೆ.

ಬೆಳಕು: ಇಲ್ಲಿ ಎರಡು ಬೇಡಿಕೆಗಳನ್ನು ತೂಗಬೇಕು. ದುಡಿಯುವ ಹಸಿರು ಕಾಂಡಕ್ಕೆ ಬೆಳಕು ಬೇಕು, ಪತ್ರಹರಿತ್ತಿಲ್ಲದ ಬಣ್ಣದ ಉಂಡೆಗೆ ಕಡು ಬಿಸಿಲು ಆಗದು. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನದ ಬಿಸಿಲು ತಪ್ಪುವ ಮೂಡಣ ಕಟ್ಟೆ, ಇಲ್ಲವೆ ಶೇಕಡಾ 50ರ ನೆರಳು ಪರದೆ ಉತ್ತಮ. ಕತ್ತಲೆ ಕೋಣೆಯಲ್ಲಿಟ್ಟರೆ ಬೇರುಸಸಿ ಸೊರಗಿ ಮೇಲಿನದೂ ಸೊರಗುತ್ತದೆ.

ಗೊಬ್ಬರ: ಬೆಳವಣಿಗೆಯ ಕಾಲದಲ್ಲಿ ತಿಂಗಳಿಗೊಮ್ಮೆ 19:19:19 ಗೊಬ್ಬರವನ್ನು ಲೀಟರ್ ನೀರಿಗೆ 1 ಗ್ರಾಂ ಪ್ರಮಾಣದಲ್ಲಿ ಮಣ್ಣಿಗೆ ಕೊಡಬಹುದು. ಚಳಿಗಾಲದಲ್ಲಿ ಬೇಡ.

ಚಿಗುರು ತೆಗೆಯುವುದು: ಮಾವಿನ ಕಸಿಯಲ್ಲಿ ಕಸಿಗಂಟಿನ ಕೆಳಗಿನ ಚಿಗುರನ್ನು ಚಿವುಟುವಂತೆ ಇಲ್ಲಿಯೂ ಬೇರುಸಸಿಯ ಏಣಿನಿಂದ ಬರುವ ಚಿಗುರುಗಳನ್ನು ಎಳೆಯದಿರುವಾಗಲೇ ತೆಗೆಯಬೇಕು. ಬಿಟ್ಟರೆ ಕೆಳಗಿನ ಗಿಡ ತನ್ನ ದಾರಿ ಹಿಡಿದು ಮೇಲಿನದು ಬಡವಾಗುತ್ತದೆ.

ತಾಲೂಕಿಗೆ ತಕ್ಕ ಎಚ್ಚರಿಕೆ

ಕಿತ್ತೂರು: ಮಲೆನಾಡಿನ ಸೆರಗಿನಲ್ಲಿರುವ ಈ ಭಾಗದಲ್ಲಿ ಜುಲೈ, ಆಗಸ್ಟ್ ತಿಂಗಳಲ್ಲಿ ಜಿಟಿಜಿಟಿ ಮಳೆ ದಿನಗಟ್ಟಲೆ ಬಿಡುವುದಿಲ್ಲ. ಇಲ್ಲಿ ಬಿಸಿಲಿಗಿಂತ ತೇವದ ಭಯ ಹೆಚ್ಚು. ಕುಂಡಗಳನ್ನು ಸೂರಿನ ಕೆಳಗೆ ಅಥವಾ ಪಾಲಿಥೀನ್ ಹೊದಿಕೆಯ ಚಪ್ಪರದಲ್ಲಿ, ನೆಲದಿಂದ ಎತ್ತರಿಸಿದ ಹಲಗೆಯ ಮೇಲೆ, ನಡುವೆ ಗಾಳಿಯಾಡುವಷ್ಟು ಅಂತರ ಬಿಟ್ಟು ಇಡಬೇಕು.

ಬೈಲಹೊಂಗಲ: ಮಣ್ಣಿನ ಬಗ್ಗೆ ಮೇಲೆ ಹೇಳಿದ ಎಚ್ಚರಿಕೆಯೇ ಇಲ್ಲಿ ಮುಖ್ಯ. ಡ್ರ್ಯಾಗನ್ ತೋಟ ಮಾಡುವವರು ಎರಿ ಭೂಮಿಯಲ್ಲಿ ನೀರು ನಿಲ್ಲದಂತೆ ಏರು ಮಡಿಯ ಮೇಲೆಯೇ ನೆಡಬೇಕು.

ಸವದತ್ತಿ: ನವಿಲುತೀರ್ಥದ ಆಣೆಕಟ್ಟಿನಿಂದ ಕಾಲುವೆ ನೀರು ಹಾಯುವ ಹೊಲಗಳೂ, ಗುಡ್ಡದ ಇಳಿಜಾರಿನ ಒಣ ಮಸಾರಿಯೂ ಒಂದೇ ತಾಲೂಕಿನಲ್ಲಿವೆ. ಕಾಲುವೆ ಕೆಳಗಿನ ಜವಳು ಹಿಡಿಯುವ ಭೂಮಿಯನ್ನು ಬಿಟ್ಟು ಮಸಾರಿ ಇಳಿಜಾರನ್ನು ಆರಿಸಬೇಕು.

ರಾಮದುರ್ಗ: ಮಲಪ್ರಭೆಯ ದಂಡೆಯನ್ನು ಬಿಟ್ಟರೆ ಕಲ್ಲುಗುಡ್ಡಗಳ ಒಣ ಸೀಮೆ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಸಮೀಪಿಸುತ್ತದೆ. ಇಲ್ಲಿ ಕೊಳೆಗಿಂತ ಬಿಸಿಲಿನ ಸುಡುವಿಕೆಯೇ ಹೆಚ್ಚು. ಪಡುವಣ ದಿಕ್ಕಿಗೆ ನೆರಳು ಅವಶ್ಯ.

ಮುಪ್ಪಿನ ಸಹಜ ಗುರುತುಗಳು

ಈ ಕೆಳಗಿನವುಗಳಲ್ಲಿ ಯಾವುದನ್ನು ಕಂಡರೂ ಔಷಧ ಹೊಡೆಯುವ ಕಾರಣವಿಲ್ಲ.

1. ಬುಡ ತೊಗಟೆಗಟ್ಟುವುದು: ಕಾಂಡದ ಹಸಿರು ಬುಡದಿಂದ ಮೇಲಕ್ಕೆ ಕ್ರಮೇಣ ತಿಳಿಗಂದು ಬಣ್ಣಕ್ಕೆ ತಿರುಗಿ, ಒಣಗಿದ ಮರದ ತೊಗಟೆಯಂತೆ ಒರಟಾಗುತ್ತದೆ. ಬೇವಿನ ಸಸಿಯ ಹಸಿರು ಕಾಂಡ ಬಲಿತು ತೊಗಟೆ ಕಟ್ಟುವಂತೆಯೇ ಇದು. ಭಾರ ಹೊರಲು ಗಿಡ ಮಾಡಿಕೊಳ್ಳುವ ಏರ್ಪಾಡು. ಈ ಬಣ್ಣ ಕಾಂಡದ ಸುತ್ತಲೂ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ, ಮುಟ್ಟಿದರೆ ಒಣಗಿ ಗಟ್ಟಿಯಾಗಿರುತ್ತದೆ.

2. ಏಣುಗಳು ತೆಳುವಾಗುವುದು: ಹಳೆಯ ಬೇರುಸಸಿಯ ಏಣುಗಳ ತಿರುಳು ಇಳಿದು, ಅಂಚು ಒಣಗಿ, ನಡುವಿನ ದಿಂಡು ಕಟ್ಟಿಗೆಯಂತಾಗುತ್ತದೆ. ರಸ ಸಾಗಿಸುವ ನಾಳಗಳು ಈ ದಿಂಡಿನಲ್ಲಿವೆ. ಅದು ಗಟ್ಟಿಯಾಗಿದ್ದು ಕುಡಿ ತುಂಬಿಕೊಂಡಿದ್ದರೆ ಭಯವಿಲ್ಲ.

3. ಮೇಲಿನದು ಕೆಳಗಿನದಕ್ಕಿಂತ ದಪ್ಪವಾಗುವುದು: ಕುಡಿ ವರ್ಷದಿಂದ ವರ್ಷಕ್ಕೆ ಹಿಗ್ಗಿ ಕಸಿಗಂಟನ್ನು ಮುಚ್ಚುತ್ತದೆ. ಗಿಡ ತಲೆಭಾರವಾಗಿ ಒಂದು ಕಡೆ ವಾಲಬಹುದು. ಸಣ್ಣ ಕಡ್ಡಿಯ ಆಸರೆ ಕೊಟ್ಟರೆ ಸಾಕು.

4. ಮರಿಗಳು ಹೆಚ್ಚಾಗುವುದು: ಬಲಿತ ಕುಡಿ ಬದಿಯಲ್ಲಿ ಮರಿಗಳನ್ನು ಹಾಕುತ್ತದೆ, ತಾನು ಬೆಳೆಯುವುದು ನಿಧಾನವಾಗುತ್ತದೆ. ಇದು ರೋಗವಲ್ಲ, ಮುಂದಿನ ಕಸಿಗೆ ಬೀಜಭಾಂಡಾರ.

5. ಹಳೆಯ ಮುಳ್ಳುಗಳು ಬೂದು ಬಣ್ಣಕ್ಕೆ ತಿರುಗಿ ಉದುರುವುದು: ಕೆಳಗಿನ ಸಾಲುಗಳಲ್ಲಿ ಮಾತ್ರ ಹೀಗಾದರೆ ಸಹಜ.

6. ಋತುವಿನ ಸುಕ್ಕು: ಚಳಿಗಾಲದಲ್ಲಿ ನೀರು ಕಡಿಮೆ ಮಾಡಿದಾಗ ಮೈ ಸ್ವಲ್ಪ ಸುಕ್ಕುಗಟ್ಟುತ್ತದೆ, ಬಣ್ಣ ಮಾಸುತ್ತದೆ. ಬೇಸಿಗೆಯಲ್ಲಿ ನೀರು ಕೊಟ್ಟ ಕೆಲವೇ ದಿನಗಳಲ್ಲಿ ಮತ್ತೆ ತುಂಬಿಕೊಂಡರೆ ಅದು ಮುಪ್ಪೂ ಅಲ್ಲ, ರೋಗವೂ ಅಲ್ಲ.

7. ಕೊನೆಯ ಮುಪ್ಪು: ನೀರು, ಬೆಳಕು ಸರಿಯಾಗಿದ್ದರೂ ಕುಡಿಯ ಬಣ್ಣ ತಿಂಗಳುಗಟ್ಟಲೆ ನಿಧಾನವಾಗಿ ಮಂಕಾಗಿ, ಸುಕ್ಕು ಮತ್ತೆ ತುಂಬದೆ, ಹಸಿರು ಕಾಂಡ ಪೂರ್ತಿ ಒಣಗುತ್ತ ಬಂದರೆ ಬೇರುಸಸಿಯ ದುಡಿಮೆ ಮುಗಿಯುತ್ತ ಬಂತೆಂದು ತಿಳಿಯಬೇಕು. ಇದಕ್ಕೆ ಔಷಧವಿಲ್ಲ, ಮರುಕಸಿಯೊಂದೇ ದಾರಿ.

ರೋಗ, ಕೀಟ, ಬಿಸಿಲಿನ ಗುರುತುಗಳು

ಮೆತ್ತನೆಯ ಕೊಳೆ: ಮಣ್ಣಿಗೆ ತಾಗಿದ ಜಾಗದಲ್ಲಿ ಅಥವಾ ಕಸಿಗಂಟಿನಲ್ಲಿ ನೀರು ತುಂಬಿದಂಥ ಕಲೆ ಹುಟ್ಟಿ, ಕಪ್ಪು ಅಥವಾ ಕಡುಗಂದು ಬಣ್ಣಕ್ಕೆ ತಿರುಗಿ, ಒತ್ತಿದರೆ ಬೆರಳು ಒಳಗಿಳಿಯುತ್ತದೆ. ಕೆಟ್ಟ ವಾಸನೆ ಇರಬಹುದು. ಕೆಲವೇ ದಿನಗಳಲ್ಲಿ ಹಬ್ಬುತ್ತದೆ. ಕೊಳೆತ ಭಾಗದಿಂದ ಮೇಲೆ, ಕಂದು ಕಲೆಯಿಲ್ಲದ ಬಿಳಿ ಹಸಿರು ತಿರುಳು ಕಾಣುವವರೆಗೆ ಕೊಯ್ದು, ಬಾಯಿಗೆ ಗಂಧಕದ ಪುಡಿ ಹಚ್ಚಿ ಒಣಗಿಸಬೇಕು. ಬೇರುಸಸಿ ಪೂರ್ತಿ ಕೊಳೆತಿದ್ದರೆ ಒಳ್ಳೆಯ ಕುಡಿಯನ್ನು ಕೂಡಲೇ ಬೇರೆ ಬೇರುಸಸಿಗೆ ಕೂಡಿಸಬೇಕು. ಆ ಕುಂಡದ ಮಣ್ಣನ್ನು ಮತ್ತೆ ಬಳಸಬಾರದು.

ಕಾಂಡದ ಕಲೆ ರೋಗ: ಡ್ರ್ಯಾಗನ್ ಕಾಂಡದ ಮೇಲೆ ಎಲ್ಲೆಂದರಲ್ಲಿ ಸಣ್ಣ ತಗ್ಗಾದ ಚುಕ್ಕೆಗಳು ಹುಟ್ಟಿ ಕಿತ್ತಳೆಗಂದು ಬಣ್ಣದ ಹುಣ್ಣುಗಳಾಗುತ್ತವೆ. ಇದು ನಿಯೊಸೈಟಾಲಿಡಿಯಂ ಎಂಬ ಶಿಲೀಂಧ್ರದ ಕೆಲಸ. ಮುಪ್ಪಿನ ಕಂದು ಬುಡದಿಂದ ಹೊರಟರೆ ಈ ಕಲೆ ಕಾಂಡದ ನಡುವೆಯೇ ಚದುರಿರುತ್ತದೆ. ಹುಣ್ಣಾದ ಕಾಂಡವನ್ನು ಸವರಿ ತೋಟದ ಹೊರಗೆ ಸುಡಬೇಕು. ತಾಮ್ರದ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಬೆರೆಸಿ ಸಿಂಪಡಿಸಬಹುದು. ಇಂಥ ಕಾಂಡವನ್ನು ಎಂದಿಗೂ ಬೇರುಸಸಿಯಾಗಿ ಬಳಸಬಾರದು.

ಹಿಟ್ಟು ತಿಗಣೆ: ಮುಳ್ಳಿನ ಬುಡದಲ್ಲಿ, ಕಸಿಗಂಟಿನ ಸಂದಿನಲ್ಲಿ ಹತ್ತಿಯಂಥ ಬಿಳಿ ಕಾಣುತ್ತದೆ. ಇದನ್ನು ವಯಸ್ಸಿನ ಬೂದಿ ಎಂದು ಬಿಡಬಾರದು. ಇದರ ಹತ್ತಿರದ ಬಳಗದ ಕೀಟವೊಂದು ಎಷ್ಟು ಬಲವಾದದ್ದೆಂಬುದಕ್ಕೆ ನಮ್ಮ ನಾಡಿನ ಪಾಪಾಸುಕಳ್ಳಿಯೇ ಸಾಕ್ಷಿ. ದಕ್ಷಿಣ ಭಾರತದ ಹೊಲಗಳನ್ನು ಆವರಿಸಿದ್ದ ಪಾಪಾಸುಕಳ್ಳಿಯನ್ನು ಅಳಿಸಲು 1926ರಲ್ಲಿ ಶ್ರೀಲಂಕೆಯಿಂದ ತಂದ ಕೊಚಿನಿಯಲ್ ಕೀಟ ಅದನ್ನು ಹೆಚ್ಚಿನ ಕಡೆ ತಿಂದು ಮುಗಿಸಿತು. ಕುಂಡದ ಗಿಡಗಳಲ್ಲಿ ಹಿಟ್ಟು ತಿಗಣೆ ಕಂಡರೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು. ಹೆಚ್ಚಾಗಿದ್ದರೆ ಬೇವಿನ ಎಣ್ಣೆ 5 ಮಿ.ಲೀ.ಯನ್ನು ಸ್ವಲ್ಪ ಸಾಬೂನಿನೊಡನೆ ಲೀಟರ್ ನೀರಿಗೆ ಕದಡಿ ಸಂಜೆ ಸಿಂಪಡಿಸಬೇಕು. ನೀರು ಕೊಟ್ಟರೂ ಗಿಡ ಸೊರಗುತ್ತಿದ್ದರೆ ಕುಂಡದಿಂದ ತೆಗೆದು ಬೇರುಗಳಲ್ಲಿಯೂ ಈ ಬಿಳಿ ಇದೆಯೇ ಎಂದು ನೋಡಬೇಕು.

ನುಸಿ: ಇದರ ಕಲೆಯೂ ತುಕ್ಕಿನಂತೆ ಕಂದಾಗಿ ಒಣಗಿರುವುದರಿಂದ ಮುಪ್ಪೆಂದು ಮೋಸಹೋಗುವುದು ಸುಲಭ. ಆದರೆ ನುಸಿಯ ಕಲೆ ಮೇಲಿನ ಎಳೆಯ ನೆತ್ತಿಯ ಸುತ್ತ ಮೊದಲಾಗುತ್ತದೆ. ಮುಪ್ಪು ಕೆಳಗಿನಿಂದ ಏರುತ್ತದೆ, ನುಸಿ ಮೇಲಿನಿಂದ ಇಳಿಯುತ್ತದೆ. ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2 ಗ್ರಾಂ ಬೆರೆಸಿ ತಂಪು ಹೊತ್ತಿನಲ್ಲಿ ಸಿಂಪಡಿಸಬೇಕು. ಕಡು ಬಿಸಿಲಿನ ದಿನಗಳಲ್ಲಿ ಗಂಧಕ ಹೊಡೆದರೆ ಗಿಡ ಸುಡುತ್ತದೆ.

ಬಿಸಿಲಿನ ಸುಡು: ಪಡುವಣ ಅಥವಾ ನೈಋತ್ಯದ ಕಡೆಗೆ ಮಾತ್ರ ಹಳದಿ ಅಥವಾ ಬಿಳಿ ಮಚ್ಚೆ ಬಿದ್ದು, ಮುಂದೆ ಕಾಗದದಂತೆ ಒಣಗುತ್ತದೆ. ಮಚ್ಚೆ ಮಾಯುವುದಿಲ್ಲ, ಆದರೆ ನೆರಳು ಮಾಡಿದರೆ ಹಬ್ಬುವುದೂ ಇಲ್ಲ.

ಗುರುತಿಸಲು ನಾಲ್ಕು ಸುಲಭ ಪರೀಕ್ಷೆಗಳು

ಸಂಶಯ ಬಂದಾಗ ಔಷಧದ ಅಂಗಡಿಗೆ ಹೋಗುವ ಮೊದಲು ಈ ನಾಲ್ಕನ್ನು ಮಾಡಿ ನೋಡಬೇಕು. ಖರ್ಚು ಏನೂ ಇಲ್ಲ.

ಬೆರಳಿನ ಪರೀಕ್ಷೆ: ಕಂದು ಭಾಗವನ್ನು ಒತ್ತಿರಿ. ಗಟ್ಟಿಯಾಗಿದ್ದರೆ ಮುಪ್ಪು, ಮೆತ್ತಗಿದ್ದರೆ ಕೊಳೆ.

ಉಗುರಿನ ಪರೀಕ್ಷೆ: ಕಂದು ಪದರನ್ನು ಉಗುರಿನಿಂದ ಸ್ವಲ್ಪ ಕೆರೆಯಿರಿ. ಒಣ ಹೊಟ್ಟಿನಂತೆ ಉದುರಿ ಒಳಗೆ ಹಸಿರು ಅಥವಾ ಗಟ್ಟಿ ಕಟ್ಟಿಗೆ ಕಂಡರೆ ಮುಪ್ಪು. ಒಳಗೂ ಕಂದು ತೇವವಿದ್ದರೆ ರೋಗ.

ಮೂಗಿನ ಪರೀಕ್ಷೆ: ತೊಗಟೆಗೆ ವಾಸನೆಯಿಲ್ಲ. ಹುಳಿತ ಅಥವಾ ಕೊಳೆತ ವಾಸನೆ ಬಂದರೆ ತಡಮಾಡಬಾರದು.

ಗೆರೆಯ ಪರೀಕ್ಷೆ: ಮೇಲಿನ ಮೂರರಲ್ಲಿಯೂ ಕೊಳೆಯ ಸುಳಿವಿಲ್ಲದೆ ಸಂಶಯ ಮಾತ್ರ ಉಳಿದಿದ್ದರೆ, ಕಂದು ಭಾಗ ಮುಗಿದು ಹಸಿರು ಆರಂಭವಾಗುವಲ್ಲಿ ಪೆನ್ನಿನಿಂದ ಒಂದು ಗೆರೆ ಎಳೆದು ತಾರೀಖು ಬರೆದಿಡಿ. ಗಿಡವನ್ನು ಉಳಿದವುಗಳಿಂದ ದೂರವಿಟ್ಟು, ನೀರು ನಿಲ್ಲಿಸಿ, ಮೊದಲ ವಾರ ದಿನಾಲೂ ನೋಡಿರಿ. ಕೊಳೆಯಾದರೆ ಕೆಲವೇ ದಿನಗಳಲ್ಲಿ ಗೆರೆಯನ್ನು ದಾಟುತ್ತದೆ. 15 ದಿನಗಳ ಮೇಲೂ ಗೆರೆ ಇದ್ದಲ್ಲಿಯೇ ಇದ್ದರೆ ಅದು ಮುಪ್ಪು. ಮುಪ್ಪು ತಿಂಗಳುಗಳ ಲೆಕ್ಕದಲ್ಲಿ ನಡೆಯುತ್ತದೆ, ಕೊಳೆ ದಿನಗಳ ಲೆಕ್ಕದಲ್ಲಿ ಓಡುತ್ತದೆ.

ಮುಪ್ಪಾದ ಗಿಡವನ್ನು ಹೊಸದು ಮಾಡುವುದು

ಕೊನೆಯ ಮುಪ್ಪಿಗೆ ಕಾಯದೆ, ತಾಯಿ ಗಿಡ ತುಂಬಿಕೊಂಡಿರುವಾಗಲೇ ಮರಿಗಳನ್ನು ತೆಗೆದು ಹೊಸ ಬೇರುಸಸಿಗಳಿಗೆ ಕೂಡಿಸುವುದು ಜಾಣತನ. ಸೊರಗಿದ ತಾಯಿಯ ಮರಿಗಳಲ್ಲಿ ರಸ ಕಡಿಮೆ, ಅವು ಕೂಡುವುದೂ ಕಡಿಮೆ. ಗಿಡಕ್ಕೆ ಎರಡು ವರ್ಷ ತುಂಬಿದ ಮೇಲೆ ಪ್ರತಿ ಬೇಸಿಗೆಯಲ್ಲಿ ಕೆಲವು ಮರಿಗಳನ್ನು ತೆಗೆಯುತ್ತ ಹೋದರೆ ತಳಿ ಕೈತಪ್ಪುವುದಿಲ್ಲ. ಮರಿಯೇ ಇಲ್ಲದಿದ್ದರೆ ಉಂಡೆಯನ್ನೇ ಕೊಯ್ದು ಹೊಸ ಬೇರುಸಸಿಗೆ ಕೂಡಿಸಬಹುದು.

ಕಸಿಕುಡಿ ಹಸಿರು ಬಣ್ಣದ್ದಾಗಿದ್ದರೆ ಇನ್ನೊಂದು ದಾರಿಯೂ ಇದೆ. ಬೇರುಸಸಿಯ ಒಂದೆರಡು ಸೆಂ.ಮೀ. ಭಾಗವನ್ನು ಕುಡಿಗೆ ಅಂಟಿಕೊಂಡಿರುವಂತೆ ಬಿಟ್ಟು ಕೊಯ್ದು, ಒಂದೆರಡು ವಾರ ಒಣಗಿಸಿ, ಉಸುಕಿನಲ್ಲಿ ಕೂಡಿಸಿದರೆ ಸ್ವಂತ ಬೇರು ಬಿಡುವ ಸಾಧ್ಯತೆಯಿದೆ. ಕೆಂಪು, ಹಳದಿ ಉಂಡೆಗಳಿಗೆ ಈ ಉಪಾಯ ನಡೆಯದು.

ಡ್ರ್ಯಾಗನ್ ತೋಟದವರಿಗೆ

ಕಂಬದ ಬುಡದ ಮುಖ್ಯ ಕಾಂಡ ಮೂರು ನಾಲ್ಕು ವರ್ಷಗಳಲ್ಲಿ ಹಸಿರು ಕಳೆದುಕೊಂಡು ಬೂದುಗಂದು ಬಣ್ಣದ ಕಟ್ಟಿಗೆಯಂತಾಗುವುದು ಸಹಜ. ಮೇಲಿನ ಕೊಂಬೆಗಳು ಹಸಿರಾಗಿ ಹೂ ಬಿಡುತ್ತಿದ್ದರೆ ಬುಡಕ್ಕೆ ಔಷಧ ಸುರಿಯುವುದು ದಂಡ. ಅದರಿಂದ ಹಣ ಹೋಗುವುದಲ್ಲದೆ, ಬುಡದಲ್ಲಿ ಸದಾ ತೇವವಾಗಿ ಇಲ್ಲದ ಕೊಳೆಯನ್ನು ಕರೆದಂತಾಗುತ್ತದೆ. ಕೊಯ್ಲು ಮುಗಿದ ಮೇಲೆ ನವೆಂಬರ್, ಡಿಸೆಂಬರದಲ್ಲಿ ಒಳಗೆ ಸಿಕ್ಕಿಕೊಂಡ, ಮುಪ್ಪಾದ, ರೋಗ ತಗುಲಿದ ಕೊಂಬೆಗಳನ್ನು ಸವರಬೇಕು. ಸವರಿದ್ದರಲ್ಲಿ ಕಲೆಯಿಲ್ಲದ, ಹಸಿರು ತುಂಬಿದ ಕಾಂಡಗಳನ್ನು ಬೇರ್ಪಡಿಸಿ ಆಗಲೇ ಬೇರು ಬಿಡಿಸಲು ಊರಿದರೆ, ಚಳಿಯಲ್ಲಿ ಬೇರಿಗೆ ಕೆಲವು ವಾರ ಹೆಚ್ಚು ಹಿಡಿದರೂ ಶಿವರಾತ್ರಿಯ ಹೊತ್ತಿಗೆ ಬೇರುಸಸಿಗಳು ಸಿದ್ಧವಾಗುತ್ತವೆ. ಮನೆಯ ಹೆಣ್ಣುಮಕ್ಕಳು, ಸ್ವಸಹಾಯ ಗುಂಪಿನವರು ನೆರಳು ಪರದೆಯ ಕೆಳಗೆ ಮಾಡಬಹುದಾದ ಕೆಲಸವಿದು. ಭೂಮಿ ಹೆಚ್ಚು ಬೇಡ, ನೀರೂ ಹೆಚ್ಚು ಬೇಡ. ಆದರೆ ಮೊದಲ ವರ್ಷ 20, 30 ಗಿಡಗಳಿಂದ ಕೈ ಪಳಗಿಸಿಕೊಂಡು, ಮಾರಾಟದ ದಾರಿ ನೋಡಿಕೊಂಡು, ಆಮೇಲೆ ಹೆಚ್ಚಿಸುವುದು ಕ್ಷೇಮ.

ಕೊಳ್ಳುವಾಗ ಮತ್ತು ಮಾರುವಾಗ

ಕೊಳ್ಳುವಾಗ ಬೇರುಸಸಿ ಹಸಿರಾಗಿ ತುಂಬಿಕೊಂಡಿದೆಯೇ, ಕಸಿಗಂಟಿನಲ್ಲಿ ಸಂದು ಬಿಟ್ಟಿದೆಯೇ, ಮುಳ್ಳಿನ ಬುಡದಲ್ಲಿ ಬಿಳಿ ಇದೆಯೇ ಎಂದು ನೋಡಬೇಕು. ಉಂಡೆ ದೊಡ್ಡದಿದ್ದು ಕಾಂಡ ಒಣಗಿದ್ದರೆ ಅದು ಆಯುಸ್ಸು ಕಳೆದ ಗಿಡ. ಮಾರುವವರು ಈ ಗಿಡದ ಸಹಜ ಆಯುಸ್ಸು ಇಷ್ಟೇ ಎಂಬುದನ್ನೂ, ಬುಡ ಕಂದಾದರೆ ಗಾಬರಿ ಬೇಡವೆಂಬುದನ್ನೂ ಗಿರಾಕಿಗೆ ಮೊದಲೇ ಹೇಳಬೇಕು. ಹೇಳಿ ಮಾರಿದವನ ಹತ್ತಿರ ಗಿರಾಕಿ ಮರುಕಸಿಗಾಗಿ ಮತ್ತೆ ಬರುತ್ತಾನೆ. ಹೇಳದೆ ಮಾರಿದರೆ ಮೂರನೆಯ ವರ್ಷ ಗಿಡ ಸೊರಗಿದಾಗ ಮಾರಿದವನನ್ನೇ ದೂರುತ್ತಾನೆ.

ವಿಸ್ತರಣಾ ಕಾರ್ಯಕರ್ತರು ರೈತರು ತರುವ ಕಾಂಡದ ತುಂಡನ್ನು ನೋಡಿ ಔಷಧದ ಹೆಸರು ಬರೆದುಕೊಡುವ ಮೊದಲು ಮೂರು ಪ್ರಶ್ನೆ ಕೇಳುವುದು ಒಳಿತು. ಕಂದು ಎಲ್ಲಿಂದ ಆರಂಭವಾಯಿತು? ಎಷ್ಟು ದಿನಗಳಲ್ಲಿ ಇಷ್ಟಾಯಿತು? ಒತ್ತಿದರೆ ಗಟ್ಟಿಯೋ ಮೆತ್ತಗೋ? ಈ ಮೂರರ ಉತ್ತರದಲ್ಲಿಯೇ ಬಹುಪಾಲು ನಿರ್ಣಯವಿದೆ. ಆದರೂ ಸಂಶಯವುಳಿದರೆ ಕಾಂಡದ ಮಾದರಿಯನ್ನು ಒಣ ಕಾಗದದಲ್ಲಿ ಸುತ್ತಿ ಬೈಲಹೊಂಗಲ ತಾಲೂಕಿನ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ, ಅರಭಾವಿಯ ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯಕ್ಕಾಗಲಿ ಒಯ್ದು ತೋರಿಸಬಹುದು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಯ್ದರೆ ದಾರಿಯಲ್ಲಿಯೇ ಕೊಳೆತು, ಮೊದಲಿನ ಕಾರಣ ತಿಳಿಯದಂತಾಗುತ್ತದೆ.

ಒಟ್ಟಿನಲ್ಲಿ ನೆನಪಿಡಬೇಕಾದದ್ದು ಇಷ್ಟು: ಬುಡದಿಂದ ಮೇಲಕ್ಕೆ, ಒಣಗಿ, ಗಟ್ಟಿಯಾಗಿ, ನಿಧಾನವಾಗಿ ಏರುವ ಕಂದು ಮುಪ್ಪಿನದು. ಎಲ್ಲೆಂದರಲ್ಲಿ, ತೇವವಾಗಿ, ಮೆತ್ತಗಾಗಿ, ಬೇಗ ಹಬ್ಬುವ ಕಂದು ರೋಗದ್ದು. ಮೊದಲನೆಯದಕ್ಕೆ ಬೇಕಾದದ್ದು ತಾಳ್ಮೆ ಮತ್ತು ಕಾಲಕ್ಕೆ ಸರಿಯಾದ ಮರುಕಸಿ. ಎರಡನೆಯದಕ್ಕೆ ಬೇಕಾದದ್ದು ಅದೇ ದಿನ ಹರಿತವಾದ ಚಾಕು.